ವಡಗಾವಿಗೆ ಮಧ್ಯಾಹ್ನ 12:32ಕ್ಕೆ

ಶಿಕ್ಷಕಿ: ಕಾಕಾ, ನಿನ್ನೆ ಒಂಬತ್ತನೇ ಕ್ಲಾಸಿನ್ಯಾಗ ಅಕ್ಷಾಂಶ, ರೇಖಾಂಶದ ಪಾಠ ಇತ್ತು. ಫೋನ್ ತಗದು ಮಕ್ಕಳಿಗೆ ತೋರಿಸಿದೆ. ಬೆಳಗಾವಿಯ ನಮ್ಮ ವಡಗಾವಿ ಸುಮಾರು 15 ಡಿಗ್ರಿ 50 ಕಲೆ (ಕಲೆ ಅಂದ್ರ ಕೋನದ ಮಿನಿಟು) ಉತ್ತರ, 74 ಡಿಗ್ರಿ 31 ಕಲೆ ಪೂರ್ವ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಟೀಚರ್, ಫೋನಿಗೆ ಇದನ್ನ ಯಾರು ಹೇಳಿದ್ರು?” ಅಂದಳು. ಉಪಗ್ರಹ ಅಂದೆ. “ಉಪಗ್ರಹಕ್ಕ ಯಾರು ಹೇಳಿದ್ರು?” ಅಂತ ಮತ್ತ ಕೇಳಿದಳು. ನೀವು ನೌಕಾಪಡೆಯೊಳಗ ಹಡಗಿನ ದಾರಿ ನೋಡೋ ಕೆಲಸದಾಗ ಇದ್ದವ್ರು. ಅದಕ್ಕ ನಿಮ್ಮ ಹಂತ್ಯಾಕ ಬಂದೆ.

ನಾವಿಕ: ಬರೋಬ್ಬರಿ ಕೇಳ್ಯಾಳ ತಂಗಿ. ಕೂಡು, ಸಾವಕಾಶ ಮಾತಾಡೋಣ. ಎರಡೂ ಅಂಕಿ ಮಗ್ಗಲಿಗೆ ಮಗ್ಗಲ ಬರೀತಾರ, ಹಿಂಗಾಗಿ ಎರಡೂ ಒಂದ ಜಾತಿ ಅನ್ನಿಸ್ತಾವ. ಹಂಗಿಲ್ಲ. ಅಕ್ಷಾಂಶ ಮನುಷ್ಯಾಗ ಎರಡು ಸಾವಿರ ವರ್ಷದ ಹಿಂದನ ಸಿಕ್ಕಿತ್ತು. ರೇಖಾಂಶ ನಡುಸಮುದ್ರದಾಗ ನಂಬುವಂಗ ಸಿಕ್ಕು ಸುಮಾರು 260 ವರ್ಷ ಆತು, ಅಷ್ಟ.

ಶಿಕ್ಷಕಿ: ಅಷ್ಟು ಫರಕು ಯಾಕ್ರಿ? ನಮ್ಮ ನೇಕಾರ ಓಣಿ ಮಕ್ಕಳಿಗೆ ನಾನು ಅವೆರಡೂ ಮಗ್ಗದ ಹಾಸು, ಹೊಕ್ಕು ಇದ್ದಂಗ ಅಂತ ಹೇಳ್ತೀನಿ.

ನಾವಿಕ: ವಡಗಾವಿ, ಖಾಸಬಾಗ, ಶಹಾಪುರದ ಮಕ್ಕಳಿಗೆ ಅದು ಲಗೂನ ತಿಳೀತೈತಿ, ಖರೆ. ಆದ್ರ ಹಾಸಿನ ಎಳಿ ಕಡೀತನಕ ಒಂದಕ್ಕೊಂದು ಅಷ್ಟ ದೂರ ಇರ್ತಾವ. ರೇಖಾಂಶ ಇರೂದಿಲ್ಲ. ಸಮಭಾಜಕದ ಮ್ಯಾಲ ಒಂದು ಡಿಗ್ರಿಗೆ 111 ಕಿಲೋಮೀಟರ್ ಇದ್ದದ್ದು ನಮ್ಮ ಕಡೆ 107ಕ್ಕ ಬರ್ತೈತಿ, ಧ್ರುವದಾಗ ಎಲ್ಲಾ ಗೆರಿ ಕೂಡಿ ಒಂದ ಬಿಂದು ಆಗ್ತಾವ. ಅದಕ್ಕಿಂತ ದೊಡ್ಡ ಫರಕು ಇನ್ನೊಂದೈತಿ. ಅಕ್ಷಾಂಶಕ್ಕ ಸೊನ್ನಿ ಎಲ್ಲಿ ಅಂತ ಭೂಮಿನ ತೋರಿಸ್ತೈತಿ, ಅದು ತಿರುಗೋ ರೀತಿಯಿಂದನ ಸಮಭಾಜಕ ಹುಟ್ಟತೈತಿ. ರೇಖಾಂಶದ ಸೊನ್ನಿಯನ್ನ ಮನುಷ್ಯಾರು ಕೂಡಿ ಠರಾಯಿಸಬೇಕು. ನಮ್ಮ ಹಳೇ ಗಣಿತಜ್ಞರು ಉಜ್ಜಯಿನಿ ಅಂದ್ರು. 1884ರಾಗ ವಾಷಿಂಗ್ಟನ್ನಿನಾಗ 25 ದೇಶದವ್ರು ಕೂಡಿ ಗ್ರೀನಿಚ್ ಅಂದ್ರು.

ಶಿಕ್ಷಕಿ: ಮೊದಲು ಅಕ್ಷಾಂಶ ಹೇಳ್ರಿ. ಫೋನ್ ಇಲ್ಲದ ಈ ಮಾಳಿಗಿ ಮ್ಯಾಲ ನಿಂತು ಕಂಡುಹಿಡಿಯಾಕ ಬರ್ತೈತೇನು?

ನಾವಿಕ: ಬರ್ತೈತಿ. ರಾತ್ರಿ ಉತ್ತರಕ್ಕ ಮಾರಿ ಮಾಡಿ ನಿಲ್ಲು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮ್ಯಾಲ ಐತಿ, ಅಷ್ಟ ನಿನ್ನ ಅಕ್ಷಾಂಶ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರ ಸುಮಾರು 10 ಡಿಗ್ರಿ. ನಮ್ಮೂರಾಗ ಧ್ರುವ ಒಂದೂವರಿ ಮುಷ್ಟಿಗಿಂತ ಒಂಚೂರು ಮ್ಯಾಲ ಸಿಗತೈತಿ. ಅರಬ್ಬೀ ಸಮುದ್ರದ ನಾವಿಕರು ಇದನ್ನ ಒಂದು ಸಣ್ಣ ಹಲಿಗಿ ತುಂಡಿನಿಂದ ಅಳೀತಿದ್ರು. ಅದರ ಹೆಸರು ಕಮಾಲ್. ಹಲಿಗಿ ನಡುವ ಒಂದು ದಾರ, ದಾರದಾಗ ಗಂಟು. ಗಂಟನ್ನ ಹಲ್ಲಿನ್ಯಾಗ ಹಿಡದು ದಾರ ಬಿಗಿ ಮಾಡಿ, ಹಲಿಗಿಯ ಕೆಳಗಿನ ಅಂಚು ದಿಗಂತಕ್ಕ, ಮ್ಯಾಲಿನ ಅಂಚು ಧ್ರುವಕ್ಕ ಕೂಡಸೋದು. ಬೇಕಾದ ಬಂದರದ ಗಂಟಿಗೆ ಹೊಂದೋತನಕ ಉತ್ತರಕ್ಕೋ ದಕ್ಷಿಣಕ್ಕೋ ಹೋಗೋದು, ಆಮ್ಯಾಲ ಸೀದಾ ಪೂರ್ವಕ್ಕ ಹಾಯಿ ಬಿಡೋದು.

ಶಿಕ್ಷಕಿ: ಹಂಗಾರ ನಮ್ಮ ವಡಗಾವಿಯ ಗಂಟು ಹಿಡದು ಬಂದವ ಎಲ್ಲಿ ಹತ್ತತಿದ್ದ?

ನಾವಿಕ: ವೆಂಗುರ್ಲೆಯಾಗ! ನಕಾಶಿ ತಗದು ನೋಡು. ಬೆಳಗಾವಿಯಿಂದ ಸೀದಾ ಪಶ್ಚಿಮಕ್ಕ ಗೆರಿ ಎಳದ್ರ ಸಹ್ಯಾದ್ರಿ ಇಳದು ವೆಂಗುರ್ಲೆ ಬಂದರಕ್ಕ ಹೋಗತೈತಿ. 1637ರಾಗ ಡಚ್ಚರು ಅಲ್ಲಿ ಕೋಠಿ ಕಟ್ಟಿದ್ರು. ಹಿಂಡಲಗಾ ಕಡೆ ಹೋಗೋ ರಸ್ತೆಗೆ ಇವತ್ತೂ ವೆಂಗುರ್ಲಾ ರೋಡ್ ಅಂತನ ಕರೀತೀವಿ. ನಮ್ಮ ಭಾಗ ಸಮುದ್ರಕ್ಕ ಹೊರತಾದದ್ದು ಅಂತ ತಿಳಕೋಬ್ಯಾಡ. ಖಾನಾಪುರ ತಾಲೂಕಿನ ಹಲಸಿ ಗೋವಾ ಕದಂಬರ ಎರಡನೇ ರಾಜಧಾನಿ ಆಗಿತ್ತು. ಕಾಡಿನೊಳಗಿನ ಊರಿದ್ರೂ ಆ ಅರಸರ ಕಣ್ಣು ಬಂದರದ ಮ್ಯಾಲ ಇತ್ತು. ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಅಂತ ಹೆಸರಿಟ್ಟಾರ, ಅದು ಕದಂಬರ ನೆನಪು.

ಆದ್ರ ಧ್ರುವವನ್ನ ಕಣ್ಣು ಮುಚ್ಚಿ ನಂಬಬಾರದು. ಅದು ಆಕಾಶದ ಖರೇ ಧ್ರುವಬಿಂದುವಿನಿಂದ ಈಗ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರ ಐತಿ. ವಾಸ್ಕೋ ಡ ಗಾಮಾ 1498ರಾಗ ಕಾರವಾರದ ಎದುರಿನ ಅಂಜದೀವ ದ್ವೀಪದಾಗ ಹಡಗು ರಿಪೇರಿ ಮಾಡಿಸಿದ ಕಾಲಕ್ಕ ಮೂರು ಡಿಗ್ರಿಗಿಂತ ಹೆಚ್ಚು ದೂರ ಇತ್ತು. ಬಲ್ಲ ನಾವಿಕರು ಅದಕ್ಕ ಲೆಕ್ಕದಾಗ ತಿದ್ದುಪಡಿ ಮಾಡ್ತಿದ್ರು.

ಶಿಕ್ಷಕಿ: ರಾತ್ರಿ ಮಕ್ಕಳನ್ನ ಸಾಲಿಗೆ ಕರಿಯಾಕ ಆಗೂದಿಲ್ರಿ. ಹಗಲಿಂದ ಹೇಳ್ರಿ.

ನಾವಿಕ: ಹಗಲಿಗೆ ಸೂರ್ಯ ಇದ್ದಾನ. ಸಪಾಟ ನೆಲದ ಮ್ಯಾಲ ಒಂದು ಮೀಟರಿನ ಕೋಲು ನೆಟ್ಟಗ ನಿಲ್ಲಿಸು, ನೆಟ್ಟಗ ಐತೋ ಇಲ್ಲೋ ಗೌಂಡಿಯ ತೂಗುಗುಂಡಿನಿಂದ ನೋಡು. ಕೋಲಿನ ಬುಡದಿಂದ ಒಂದು ದುಂಡು ಗೆರಿ ಕೊರಿ. ಮುಂಜಾನೆ ನೆರಳಿನ ತುದಿ ಒಳಗ ಬರೋವಾಗ ಗೆರಿ ಮುಟ್ಟಿದಲ್ಲಿ ಒಂದು ಗುರುತು ಹಾಕು, ಮಧ್ಯಾಹ್ನ ದಾಟಿದ ಮ್ಯಾಲ ಹೊರಗ ಹೋಗೋವಾಗ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ್ರ ಖರೇ ಪೂರ್ವ-ಪಶ್ಚಿಮ ಸಿಗತೈತಿ, ದಿಕ್ಸೂಚಿ ಬೇಕಿಲ್ಲ. ಯಜ್ಞವೇದಿ ಕಟ್ಟಾಕ ಶುಲ್ಬಸೂತ್ರದವರು ಮಾಡಿದ ಉಪಾಯ ಇದು. ಹಗಲು-ರಾತ್ರಿ ಸಮ ಇರೋ ದಿನ, ಅಂದ್ರ ಮಾರ್ಚ್ 20-21ಕ್ಕ, ನಡುಮಧ್ಯಾಹ್ನದ ನೆರಳು ಅಳತಿ ಮಾಡು. ವಡಗಾವ್ಯಾಗ ಒಂದು ಮೀಟರ್ ಕೋಲಿಗೆ 28.4 ಸೆಂಟಿಮೀಟರ್ ಹತ್ತಿರ ಬರತೈತಿ. ಆ ನೆರಳನ್ನ ಕೋಲಿನ ಉದ್ದದಿಂದ ಭಾಗಿಸಿದ್ರ ಸಿಗೋದು ಅಕ್ಷಾಂಶದ ಟ್ಯಾಂಜೆಂಟ್. ನಿನ್ನ ಹತ್ತನೇ ಕ್ಲಾಸಿನ ತ್ರಿಕೋನಮಿತಿ ಅಷ್ಟ ಸಾಕು.

ಶಿಕ್ಷಕಿ: ಪಂಚಾಂಗದಾಗ ಪಲಭಾ ಅಂತ ಊರೂರಿಗೆ ಒಂದು ಅಂಕಿ ಕೊಟ್ಟಿರ್ತಾರಲ್ಲ, ಅದೂ ಇದನೇನು?

ನಾವಿಕ: ಅದ ಇದು. ನಮ್ಮವರು ಮೀಟರ್ ಬದಲಿ 12 ಅಂಗುಲದ ಶಂಕು ಇಡ್ತಿದ್ರು. ಬೆಳಗಾವಿಗೆ ನೆರಳು 3 ಅಂಗುಲದ ಮ್ಯಾಲ 24 ವ್ಯಂಗುಲ, ಅಂಗುಲಕ್ಕ 60 ವ್ಯಂಗುಲದ ಲೆಕ್ಕ. ಆ ಒಂದು ಅಂಕಿ ಇದ್ರ ಸಾಕು, ಊರಿನ ಹಗಲಿನ ಉದ್ದ, ಸೂರ್ಯ ಹುಟ್ಟೋ ಹೊತ್ತು ಎಲ್ಲಾ ಲೆಕ್ಕ ಹಾಕ್ತಿದ್ರು. ಜನ ಪಂಚಾಂಗ ಅಂದ ಕೂಡಲೇ ರಾಹುಕಾಲದ ಪುಟಕ್ಕ ಹೋಗ್ತಾರ. ಊರಿನ ಜಾಗವನ್ನ ಕೋಲಿನ ನೆರಳಿನ್ಯಾಗ ಹಿಡದಿಟ್ಟ ಈ ಪುಟ ಯಾರೂ ಓದೂದಿಲ್ಲ, ನನಗ ಇದು ಭಾಳ ಸಂಕಟ ಅನ್ನಿಸ್ತೈತಿ.

ಶಿಕ್ಷಕಿ: ಮಾರ್ಚ್ ಬಿಟ್ಟು ಬ್ಯಾರೆ ದಿನ ಮಾಡಬೇಕಂದ್ರ?

ನಾವಿಕ: ಅವತ್ತು ಸೂರ್ಯ ಸಮಭಾಜಕದಿಂದ ಎಷ್ಟು ಉತ್ತರಕ್ಕ ಅಥವಾ ದಕ್ಷಿಣಕ್ಕ ಇದ್ದಾನ ಅನ್ನೋದನ್ನ ಪಂಚಾಂಗದಾಗ ನೋಡಿ ಕೂಡಿಸಬೇಕು, ಇಲ್ಲಾ ಕಳೀಬೇಕು. ಅದಕ್ಕ ಕ್ರಾಂತಿ ಅಂತಾರ. ಮೇ 3ರ ಆಸುಪಾಸು ಆ ಕ್ರಾಂತಿ ನಮ್ಮ ಅಕ್ಷಾಂಶಕ್ಕ ಸಮ ಆಗ್ತೈತಿ, ಅವತ್ತು ಸೂರ್ಯ ನೆತ್ತಿಗೆ ಬಂದು ಕೋಲಿನ ನೆರಳು ಬುಡದಾಗ ಅಡಗತೈತಿ. ಆಗಸ್ಟ್ 9ರ ಸುಮಾರಿಗೆ ಇನ್ನೊಮ್ಮೆ ಹಂಗ ಆಗ್ತೈತಿ, ಆದ್ರ ಬೆಳಗಾವಿ ಮಳ್ಯಾಗ ಅವತ್ತು ಸೂರ್ಯನ ಮಾರಿ ಕಾಣೂದ ಕಷ್ಟ.

ಈಗ ಒಂದು ಮಾತು ಲಕ್ಷ್ಯಗೊಟ್ಟು ಕೇಳು. ಬೆಳಗಾವಿಯಿಂದ ಸೀದಾ ಪೂರ್ವಕ್ಕ ಹೋದ್ರ ಆಂಧ್ರದ ಕರ್ನೂಲು ಬರತೈತಿ. ವೆಂಗುರ್ಲೆ, ವಡಗಾವಿ, ಕರ್ನೂಲು, ಮೂರೂ ಕಡೆ ಮಾರ್ಚ್ 20ರ ನಡುಮಧ್ಯಾಹ್ನದ ನೆರಳು ಒಂದ ಉದ್ದ. ಧ್ರುವ ಮೂರೂ ಕಡೆ ಒಂದ ಎತ್ತರ. ನಿನ್ನನ್ನ ಕಣ್ಣು ಕಟ್ಟಿ ಒಯ್ದು ಈ ಗೆರಿ ಮ್ಯಾಲ ಎಲ್ಲಾದ್ರೂ ಬಿಟ್ರ, ಬರೇ ಕೋಲಿನಿಂದ ನೀ ಎಲ್ಲಿದ್ದೀ ಅಂತ ಹೇಳಾಕ ಆಗೂದಿಲ್ಲ.

ಶಿಕ್ಷಕಿ: ಆದ್ರ ಕರ್ನೂಲಿನಾಗ ಸೂರ್ಯ ಮೊದಲ ನೆತ್ತಿಗೆ ಬರ್ತಾನಲ್ರಿ.

ನಾವಿಕ: ಅಲ್ಲೇ ಐತಿ ಕೀಲಿ! ಕರ್ನೂಲಿಗೆ ನಮಗಿಂತ 14 ನಿಮಿಷ ಮೊದಲು, ವೆಂಗುರ್ಲೆಗೆ ಮೂರೂವರಿ ನಿಮಿಷ ತಡ. ಭೂಮಿ 24 ತಾಸಿಗೆ 360 ಡಿಗ್ರಿ ತಿರುಗತೈತಿ, ಅಂದ್ರ ಒಂದು ಡಿಗ್ರಿಗೆ 4 ನಿಮಿಷ. ರೇಖಾಂಶ ಅಂದ್ರ ಕಾಲದ ಅಂತರ. ಇಲ್ಲಿ ಮಧ್ಯಾಹ್ನ ಆದಾಗ ಇನ್ನೊಂದು ಗೊತ್ತಿದ್ದ ಊರಾಗ ಎಷ್ಟು ಹೊತ್ತು ಆಗೈತಿ ಅಂತ ಇಲ್ಲೇ ಕುಂತು ತಿಳೀಬೇಕು. ಅದನ್ನ ಹೆಂಗ ತಿಳಿಯೋದು ಅನ್ನೋದಕ್ಕ ಸಾವಿರಾರು ಹಡಗು ಮುಳುಗಿದಾವ.

ಶಿಕ್ಷಕಿ: ನಮ್ಮವರ ಹಂತ್ಯಾಕ ಅದಕ್ಕ ಉತ್ತರ ಇರಲಿಲ್ಲೇನು?

ನಾವಿಕ: ಇತ್ತು, ನೆಲದ ಮ್ಯಾಲ ಕುಂತವ್ರಿಗೆ. ಸೂರ್ಯಸಿದ್ಧಾಂತದಾಗೂ, 1150ರಾಗ ಭಾಸ್ಕರಾಚಾರ್ಯರು ಬರೆದ ಸಿದ್ಧಾಂತ ಶಿರೋಮಣಿಯಾಗೂ ತ್ರಿಪ್ರಶ್ನಾಧಿಕಾರ ಅಂತ ಒಂದು ಅಧ್ಯಾಯ ಐತಿ. ಮೂರು ಪ್ರಶ್ನೆ ಅಂದ್ರ ದಿಕ್ಕು, ದೇಶ, ಕಾಲ. ಒಂದು ಶಂಕುವಿನಿಂದ ಮೂರಕ್ಕೂ ಉತ್ತರ ಹುಡುಕ್ತಾರ. ದೂರದ ಊರಿನ ಕಾಲಕ್ಕ ಅವರು ಹಿಡದದ್ದು ಚಂದ್ರಗ್ರಹಣ. ಚಂದ್ರ ಭೂಮಿಯ ನೆರಳಿಗೆ ಹೋಗೋದು ಎಲ್ಲಾ ಊರಿಗೂ ಒಂದ ಕ್ಷಣಕ್ಕ. ಉಜ್ಜಯಿನಿ ಲೆಕ್ಕದ ಪ್ರಕಾರ ಗ್ರಹಣ ಯಾವಾಗ ಹತ್ತಬೇಕು, ನಮ್ಮೂರ ಹೊತ್ತಿಗೆ ಯಾವಾಗ ಹತ್ತಿತು, ಎರಡರ ಅಂತರನ ದೇಶಾಂತರ. ಉಜ್ಜಯಿನಿ ನಮಗಿಂತ ಒಂದೂಕಾಲು ಡಿಗ್ರಿ ಪೂರ್ವಕ್ಕ ಐತಿ. ಅಂದ್ರ ನಾವು 5 ನಿಮಿಷ ಹಿಂದ, ಹಳೇ ಲೆಕ್ಕದಾಗ ಹನ್ನೆರಡೂವರಿ ವಿಘಳಿಗೆ. ಉಪಾಯ ಭಾಳ ಚೊಲೋ ಐತಿ. ಆದ್ರ ಹಡಗಿನ್ಯಾಗ ಇದ್ದವಂಗ ಇವತ್ತ ರಾತ್ರಿ ಬಂಡಿಗಲ್ಲು ಎಷ್ಟು ದೂರ ಅಂತ ಗೊತ್ತಾಗಬೇಕು. ಅವ ಮುಂದಿನ ಗ್ರಹಣದತನಕ ಕಾಯಾಕ ಆಗೂದಿಲ್ಲ.

1707ರಾಗ ಇಂಗ್ಲೆಂಡಿನ ಸಿಲಿ ದ್ವೀಪದ ಬಂಡಿಗೆ ಹೊಡದು ಅವರ ನೌಕಾಪಡೆಯ ನಾಲ್ಕು ಹಡಗು ಮುಳುಗಿದುವು, ಸಾವಿರಕ್ಕೂ ಹೆಚ್ಚು ಮಂದಿ ಸತ್ರು. 1714ರಾಗ ಅಲ್ಲಿನ ಪಾರ್ಲಿಮೆಂಟು ರೇಖಾಂಶವನ್ನ ಅರ್ಧ ಡಿಗ್ರಿ ಒಳಗ ಹೇಳಿದವಂಗ 20,000 ಪೌಂಡು ಇನಾಮು ಅಂತ ಸಾರಿತು. ಅರ್ಧ ಡಿಗ್ರಿ ಅಂದ್ರ ಎರಡ ನಿಮಿಷ. ವಾರಗಟ್ಟಲೆ ಪ್ರಯಾಣ ಮಾಡಿ, ಹೊಂಟ ಬಂದರದ ಹೊತ್ತು ತೋರಿಸೋ ಗಡಿಯಾರ ಎರಡ ನಿಮಿಷ ತಪ್ಪಬಹುದು, ಅಷ್ಟ. ಲೋಲಕದ ಗಡಿಯಾರ ಹಡಗು ಹೊಯ್ದಾಡಿದ್ರ ನಿಲ್ತಿತ್ತು. ಬಿಸಿಲಿಗೆ ಲೋಹ ಹಿಗ್ಗತಿತ್ತು, ಚಳಿಗೆ ಎಣ್ಣಿ ಗಟ್ಟಿ ಆಗತಿತ್ತು. ದೊಡ್ಡ ದೊಡ್ಡ ಖಗೋಳಶಾಸ್ತ್ರಜ್ಞರು ಗಡಿಯಾರ ಆಗದ ಮಾತು, ಚಂದ್ರನ ಚಲನೆಯಿಂದನ ಹೊತ್ತು ತಿಳೀಬೇಕು ಅಂದ್ರು. ಜಾನ್ ಹ್ಯಾರಿಸನ್ ಒಬ್ಬ ಬಡಿಗನ ಮಗ, ತಾನೂ ಬಡಿಗ. ಹೆಚ್ಚು ಕಡಿಮಿ ತನ್ನ ಇಡೀ ಆಯುಷ್ಯ ಇದಕ್ಕ ಕೊಟ್ಟ. ಅವ 1759ರಾಗ ಮುಗಿಸಿದ ನಾಲ್ಕನೇ ಗಡಿಯಾರ ಅಂಗೈಯಷ್ಟು ಅಗಲ. 1761ರಾಗ ಅದನ್ನ ಹಡಗಿನ್ಯಾಗ ಇಟ್ಟು ಜಮೈಕಾಕ್ಕ ಒಯ್ದ್ರು. ಮುಟ್ಟೋತನಕ ಸುಮಾರು 5 ಸೆಕೆಂಡು ಹಿಂದ ಬಿದ್ದಿತ್ತು, ಅಷ್ಟ. ಅಷ್ಟಾದ್ರೂ ಇನಾಮು ಕೈಗೆ ಬರಾಕ ಮುದುಕ ವರ್ಷಗಟ್ಟಲೆ ಹೋರಾಡಬೇಕಾತು. ಓದಿದವ್ರು ಕೈಕೆಲಸದವನನ್ನ ನಂಬಲಿಲ್ಲ, ಅದು ನನ್ನ ತಿಳುವಳಿಕಿ.

ಶಿಕ್ಷಕಿ: ನೀವು ಹಡಗಿನ್ಯಾಗ ಇದ್ದಾಗೂ ಹಂಥಾ ಗಡಿಯಾರ ಇತ್ತೇನು?

ನಾವಿಕ: ಕ್ರೋನೋಮೀಟರ್ ಅನ್ನೋ ಹಡಗಿನ ಗಡಿಯಾರ ಇತ್ತು. ಪೆಟ್ಟಿಗ್ಯಾಗ ಇಟ್ಟು ದಿನಾ ಒಂದ ಹೊತ್ತಿಗೆ ಕೀಲಿ ಕೊಡೋದು, ರೇಡಿಯೋ ಟೈಮಿಗೆ ಹಚ್ಚಿ ಎಷ್ಟು ತಪ್ಪೈತಿ ಅಂತ ವಹಿಯಾಗ ಬರಿಯೋದು. ತಪ್ಪಿದ್ರ ಮುಳ್ಳು ತಿರುವಿ ಸರಿ ಮಾಡೂದಿಲ್ಲ, ತಪ್ಪನ್ನ ಬರೆದಿಟ್ಟು ಲೆಕ್ಕದಾಗ ಕಳೀತೀವಿ. ಕೋನ ಅಳೆಯೋ ಸೆಕ್ಸ್‌ಟಂಟಿನ ಕನ್ನಡಿಯೊಳಗ ಸೂರ್ಯನ್ನ ಇಳಿಸಿ ದಿಗಂತಕ್ಕ ಮುಟ್ಟಸೋ ಕ್ಷಣಕ್ಕ “ಸ್ಟಾಪ್” ಅಂತ ಕೂಗೋದು, ಇನ್ನೊಬ್ಬ ಸೆಕೆಂಡು ಬರಕೊಳ್ಳೋದು. ಕೋನ ಒಂದು ಕಲೆ ತಪ್ಪಿದ್ರ ಒಂದು ನಾಟಿಕಲ್ ಮೈಲು, 1,852 ಮೀಟರ್ ತಪ್ಪು. ಹೊತ್ತು 4 ಸೆಕೆಂಡು ತಪ್ಪಿದ್ರ ರೇಖಾಂಶ ಒಂದು ಕಲೆ ತಪ್ಪು.

ಶಿಕ್ಷಕಿ: ಇಲ್ಲಿ ನೋಡಬೇಕಂದ್ರ ಸಮುದ್ರದ ದಿಗಂತ ಎಲ್ಲೈತ್ರಿ? ದಕ್ಷಿಣಕ್ಕ ಯಳ್ಳೂರ ಗಡ ಅಡ್ಡ ಬರತೈತಿ.

ನಾವಿಕ: ಒಂದು ತಾಟಿನ್ಯಾಗ ಕರಿ ಎಂಜಿನ್ ಆಯಿಲ್ ಹಾಕಿ ಗಾಳಿ ತಾಗದಂಗ ಇಡು. ಅದರೊಳಗ ಕಾಣೋ ಸೂರ್ಯನ್ನೂ ಆಕಾಶದ ಸೂರ್ಯನ್ನೂ ಸೆಕ್ಸ್‌ಟಂಟಿನಾಗ ಕೂಡಿಸು. ಬಂದ ಕೋನದ ಅರ್ಧ ಸೂರ್ಯನ ಎತ್ತರ. ಆದ್ರ ಮಾರ್ಚಿನ ಮಧ್ಯಾಹ್ನ ಇಲ್ಲಿ ಸೂರ್ಯ 74 ಡಿಗ್ರಿ ಮ್ಯಾಲ ಇರ್ತಾನ, ಎರಡರಷ್ಟು 148. ಸೆಕ್ಸ್‌ಟಂಟ್ ಸಾಮಾನ್ಯವಾಗಿ 120 ದಾಟಿ ಭಾಳ ಹೋಗೂದಿಲ್ಲ. ಡಿಸೆಂಬರಿನಾಗ ಸೂರ್ಯ 51ಕ್ಕ ಇಳೀತಾನ, ಆಗ ಬರೋಬ್ಬರಿ ಆಗ್ತೈತಿ. ಬರಿಗಣ್ಣಿಗೆ, ಛಾಯಾಗಾಜು ಇಲ್ಲದ, ಸೂರ್ಯನ ಕಡೆಗಾಗಲಿ ಎಣ್ಣಿಯೊಳಗಿನ ಸೂರ್ಯನ ಕಡೆಗಾಗಲಿ ಮಕ್ಕಳು ನೋಡಕೂಡದು. ಅದಕ್ಕ ಸಾಲಿಗೆ ಕೋಲ ಚೊಲೋ.

ಶಿಕ್ಷಕಿ: ಕೋಲಿನಿಂದ ರೇಖಾಂಶ?

ನಾವಿಕ: ನೆರಳಿನ ತುದಿ ದುಂಡು ಗೆರಿ ಮುಟ್ಟಿದ ಎರಡು ಹೊತ್ತು ಬರದಿಡು. ಎರಡರ ನಟ್ಟನಡುವಿನ ಹೊತ್ತು ನಿನ್ನೂರಿನ ಖರೇ ಮಧ್ಯಾಹ್ನ. ನಮ್ಮ ದೇಶದ ಗಡಿಯಾರ 82 ಡಿಗ್ರಿ 30 ಕಲೆ ರೇಖಾಂಶಕ್ಕ ಕಟ್ಟೈತಿ, 1906ರ ಜನವರಿ 1ರಿಂದ. ನಾವು ಅದಕ್ಕಿಂತ 8 ಡಿಗ್ರಿ ಪಶ್ಚಿಮಕ್ಕ. ಎಂಟು ನಾಕಲೆ 32 ನಿಮಿಷ. ಹಂಗಾಗಿ ವಡಗಾವಿಯ ಸರಾಸರಿ ಮಧ್ಯಾಹ್ನ 12:32ಕ್ಕ. ಸರಾಸರಿ ಅಂದೆ, ಯಾಕಂದ್ರ ಭೂಮಿಯ ಓಟ ವರ್ಷವಿಡೀ ಒಂದ ನಮೂನಿ ಇರೂದಿಲ್ಲ. ಫೆಬ್ರವರಿ ನಡುವ ಸೂರ್ಯ ನೆತ್ತಿಗೆ ಬರೋದು 12:46ಕ್ಕ, ನವೆಂಬರ್ ಮೊದಲಿಗೆ 12:16ಕ್ಕ, ಮಾರ್ಚ್ 20ಕ್ಕ 12:39 ದಾಟಿ. ಆ ಅಂತರದ ಕೋಷ್ಟಕ ಸಿಗತೈತಿ. 12 ಗಂಟೆ ಮ್ಯಾಲಿನ ನಿಮಿಷದಾಗ ಅದನ್ನ ಕಳದು (ನವೆಂಬರಿನಂಗ ಮಧ್ಯಾಹ್ನ ಸರಾಸರಿಗಿಂತ ಮೊದಲ ಬಂದ್ರ ಕೂಡಿಸಿ), ಬಂದದ್ದನ್ನ 4ರಿಂದ ಭಾಗಿಸಿ 82.5ರಾಗ ಕಳೀರಿ. 74.5 ಬರಬೇಕು. ಒಂದು ನಿಮಿಷ ತಪ್ಪಿದ್ರೂ ನಿಮ್ಮ ಉತ್ತರ 27 ಕಿಲೋಮೀಟರ್ ಅತ್ತಿತ್ತ ಆಗ್ತೈತಿ.

ಶಿಕ್ಷಕಿ: ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಫೋನು ಐದು ಮೀಟರ್ ಒಳಗ ಹೇಳ್ತೈತಿ. 27 ಕಿಲೋಮೀಟರ್ ತಪ್ಪೋ ಕೋಲು ಹಿಡದು ಮಕ್ಕಳನ್ನ ಬಿಸಿಲಾಗ ಯಾಕ ನಿಲ್ಲಸಬೇಕು?

ನಾವಿಕ: ಫೋನು ಮಾಡೋದೂ ಇದನ. ಒಂದೊಂದು ಉಪಗ್ರಹ ತನ್ನ ಹೊತ್ತು, ತಾನಿರೋ ಜಾಗ ಕೂಗತೈತಿ. ಆ ಕೂಗು ಬರಾಕ ಎಷ್ಟು ಹೊತ್ತು ಹಿಡೀತು ಅನ್ನೋದರಿಂದ ಫೋನು ದೂರ ತಿಳೀತೈತಿ. ಜಾಗಕ್ಕ ಮೂರು ದೂರ ಸಾಕು, ಆದ್ರ ಫೋನಿನ ಗಡಿಯಾರ ನಂಬಿಕಿದು ಅಲ್ಲ, ಅದರ ತಪ್ಪು ತಿಳಿಯಾಕ ನಾಲ್ಕನೇದು ಬೇಕು. ಹೊತ್ತು ಒಂದು ಮೈಕ್ರೋಸೆಕೆಂಡು ತಪ್ಪಿದ್ರ 300 ಮೀಟರ್ ತಪ್ಪು. ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಮ್ಯಾಲ ಐತಿ. ಅಲ್ಲಿ ಗಡಿಯಾರ ದಿನಕ್ಕ 38 ಮೈಕ್ರೋಸೆಕೆಂಡು ಮುಂದ ಓಡತೈತಿ, ಐನ್‌ಸ್ಟೀನರ ಸಾಪೇಕ್ಷತೆಯ ಕಾರಣಕ್ಕ. ಆ ತಿದ್ದುಪಡಿ ಬಿಟ್ರ ಒಂದ ದಿನದಾಗ 10 ಕಿಲೋಮೀಟರಿಗಿಂತ ಹೆಚ್ಚು ತಪ್ಪು ಕೂಡತೈತಿ. ಹ್ಯಾರಿಸನ್ನನ ಗಡಿಯಾರ ಈಗ ರುಬಿಡಿಯಂ ಪರಮಾಣು ಗಡಿಯಾರ ಆಗಿ ಆಕಾಶಕ್ಕ ಏರೈತಿ, ಅಷ್ಟ.

ಮತ್ತ ಆ ಗಡಿಯಾರ ಯಾರದು ಅನ್ನೋದು ದೊಡ್ಡ ಮಾತು. 2000ದ ಮೇ ತಿಂಗಳತನಕ ಅಮೆರಿಕದವರು ಸಾಮಾನ್ಯ ಜನರ ಜಿಪಿಎಸ್ಸಿನಾಗ ಬೇಕಂತನ ಸುಮಾರು 100 ಮೀಟರ್ ತಪ್ಪು ಬೆರಸ್ತಿದ್ರು. ಗಡಿಯಾರದ ಒಡೆಯ ನಮ್ಮನ್ನ ಕುರುಡ ಮಾಡಬಲ್ಲ. ಅದಕ್ಕ ಭಾರತ ತನ್ನದ ನಾವಿಕ್ ಅನ್ನೋ ಉಪಗ್ರಹ ವ್ಯವಸ್ಥೆ ಕಟ್ಟಿತು. 2013ರ ಜುಲೈ 1ಕ್ಕ ಮೊದಲ ಉಪಗ್ರಹ ಹೋತು, 2016ರ ಏಪ್ರಿಲಿಗೆ ಏಳಾದುವು. ಅದರ ಕೇಂದ್ರ ನಮ್ಮ ರಾಜ್ಯದಾಗನ ಐತಿ, ಬೆಂಗಳೂರಿನ ಹತ್ತಿರ ಬ್ಯಾಲಾಳು. ಮೊದಲ ಉಪಗ್ರಹದ ಮೂರೂ ಗಡಿಯಾರ ಕೆಟ್ಟುವು, ಅವು ಹೊರದೇಶದಿಂದ ತಂದವು. 2023ರ ಮೇ 29ಕ್ಕ ಹೋದ ಎನ್‌ವಿಎಸ್-01ರಾಗ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಐತಿ. 2025ರ ಜನವರಿಯೊಳಗ ಅದರ ತಂಗಿ ಎನ್‌ವಿಎಸ್-02 ಬೇಕಾದ ಕಕ್ಷೆಗೆ ಏರಲಿಲ್ಲ. ದುಃಖದ ಮಾತು. ಆದ್ರೂ ಈ ಕೆಲಸ ಬಿಡುವಂಥದ್ದಲ್ಲ.

ಶಿಕ್ಷಕಿ: ಹುಡುಗಿಯ ಎರಡನೇ ಪ್ರಶ್ನೆ ಉಳೀತಲ್ರಿ. ಉಪಗ್ರಹಕ್ಕ ಯಾರು ಹೇಳಿದ್ರು?

ನಾವಿಕ: ನೆಲದ ಮ್ಯಾಲಿನ ಕೇಂದ್ರಗಳು. ಬ್ಯಾಲಾಳು ಎಲ್ಲೈತಿ ಅಂತ ಗೊತ್ತಿದ್ರ ಉಪಗ್ರಹ ಎಲ್ಲೈತಿ ಅಂತ ಗೊತ್ತಾಗತೈತಿ. ನೆಲದ ಜಾಗಗಳ ಪಕ್ಕಾ ಚೌಕಟ್ಟು ಬಂದದ್ದು ಕ್ವೇಸಾರ್ ಅನ್ನೋ ಭಾಳ ದೂರದ ಆಕಾಶಕಾಯಗಳನ್ನ ನೋಡಿ. ಕಡೀಗೂ ಆಕಾಶನ ಹೇಳಿದ್ದು. ನೆಲದ ಅಂಕಿ ತಪ್ಪಿದ್ರ ಏನಾಗತೈತಿ ಅನ್ನೋದಕ್ಕ ಮದ್ರಾಸಿನ ಕಥಿ ಹೇಳು ಆಕಿಗೆ. ಸರ್ವೇ ಮಾಡಾಕ ಹೊಂಟ ಲ್ಯಾಂಬ್ಟನ್ ಸಾಹೇಬ 1802ರಾಗ ಮದ್ರಾಸಿನಾಗ ಸರಪಳಿ ಹಾಸಿ, ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕ ತ್ರಿಕೋನ ಕಟ್ಟಕೋತ ಮೈಸೂರು ಸೀಮಿ ದಾಟಿ ಮಂಗಳೂರಿನತನಕ ಬಂದ. ದೇಶದ ನಕಾಶಿ ಎಲ್ಲಾ ರೇಖಾಂಶಕ್ಕ ಮದ್ರಾಸ್ ವೇಧಶಾಲೆಯನ್ನ ನಂಬಿತ್ತು. ಆ ವೇಧಶಾಲೆಯ ಹಳೇ ರೇಖಾಂಶ ಸುಮಾರು ಎರಡೂವರಿ ಕಲೆ ತಪ್ಪಿತ್ತು. ಟೆಲಿಗ್ರಾಫ್ ತಂತಿಯ ಮ್ಯಾಲ ಹೊತ್ತು ಕಳಿಸಿ ನೋಡಿದಾಗ ಅದು ಬಯಲಾತು. ಅಲ್ಲಿತನಕ ನಕಾಶಿಯಾಗ ನಮ್ಮೂರು ಸೈತ ಇದ್ದ ಜಾಗಕ್ಕಿಂತ ನಾಲ್ಕು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕ ಸರದಿತ್ತು.

ಶಿಕ್ಷಕಿ: ಯಳ್ಳೂರ ರಸ್ತ್ಯಾಗಿನ ನಮ್ಮ ಗದ್ದಿದೂ ಹಿಂಗ ಆಗೈತ್ರಿ. ಅಣ್ಣ ದಿಶಾಂಕ್ ಆ್ಯಪಿನಾಗ ನಿಂತು ನೋಡಿ, ಬಾಂದಕಲ್ಲು ಮಗ್ಗಲದವರು ಸರಿಸ್ಯಾರ ಅಂತ ಜಗಳಕ್ಕ ನಿಂತಾನ.

ನಾವಿಕ: ಜಗಳ ಬ್ಯಾಡ ಅನ್ನು! ಗುಂಟೆ ಅಂದ್ರ 33 ಅಡಿಗೆ 33 ಅಡಿ. ಫೋನು 5 ಮೀಟರ್ ತಪ್ಪಿದ್ರ ಗುಂಟೆಯ ಅರ್ಧ ಅಗಲ ಹೋತು. ದಿಶಾಂಕ್ ಇರೋದು ನಿಂತ ನೆಲದ ಸರ್ವೇ ನಂಬರ್ ತಿಳಿಯಾಕ, ಹದ್ದು ಗುರುತಿಸಾಕ ಅಲ್ಲ. ಅರ್ಜಿ ಕೊಟ್ಟು ಸರ್ವೇದವರನ್ನ ಕರಸ್ರಿ. ಅವರ ರೋವರ್ ಅನ್ನೋ ಉಪಕರಣ ಸ್ಥಿರ ಕೇಂದ್ರದಿಂದ ತಿದ್ದುಪಡಿ ತಗೊಂಡು ಕೆಲವು ಸೆಂಟಿಮೀಟರ್ ಒಳಗ ಅಳೀತೈತಿ. ಯಾವ ಅಂಕಿ ಎಷ್ಟು ತಪ್ಪಬಹುದು ಅಂತ ತಿಳಿಯೋ ಗುಣ ಕೋಲು ಹಿಡದವಂಗ ಬರತೈತಿ. ಫೋನಿನ ನೀಲಿ ಚುಕ್ಕಿಯನ್ನಷ್ಟ ನೋಡಿದವಂಗ ಅದು ತಪ್ಪಬಹುದು ಅನ್ನೋದು ಹೊಳೆಯೂದಿಲ್ಲ. ಹಿಂದ ನೌಕಾಪಡೆಯಾಗ ಇದ್ದ ಅಭಿಲಾಷ್ ಟೋಮಿ ಗೋಲ್ಡನ್ ಗ್ಲೋಬ್ ಪಂದ್ಯದಾಗ ಉಪಗ್ರಹದ ಸಹಾಯ ಇಲ್ಲದ, ಸೆಕ್ಸ್‌ಟಂಟ್ ಹಿಡದು ಒಬ್ಬರ ಭೂಮಿ ಸುತ್ತಿ 2023ರಾಗ ಎರಡನೇ ಸ್ಥಾನ ತಗೊಂಡ್ರು. ಈ ವಿದ್ಯೆ ಸತ್ತಿಲ್ಲ.

ಶಿಕ್ಷಕಿ: ಹಂಗಾರ ಮಾರ್ಚ್ 20ಕ್ಕ ಸಾಲಿ ಮೈದಾನದಾಗ ಮಾಡೇಬಿಡ್ತೀನಿ. ನೀವು ಬರಬೇಕು.

ನಾವಿಕ: ಬರ್ತೀನಿ. ಆದ್ರ ಒಬ್ಬಾಕಿನ ಮಾಡಬ್ಯಾಡ. ಖಾನಾಪುರ ನಮ್ಮ ರೇಖಾಂಶದ ಮ್ಯಾಲನ ಐತಿ, ಸುಮಾರು 74 ಡಿಗ್ರಿ 31 ಕಲೆ. ಅಕ್ಷಾಂಶದಾಗ ಅಷ್ಟ 12 ಕಲೆ ಕೆಳಗ, ಅಂದ್ರ 22 ಕಿಲೋಮೀಟರ್. ಎರಡೂ ಊರಿಗೆ ಒಂದ ಕ್ಷಣಕ್ಕ ಮಧ್ಯಾಹ್ನ. ನಮ್ಮಲ್ಲಿ ನೆರಳು 28.4 ಸೆಂಟಿಮೀಟರ್ ಇದ್ರ ಅಲ್ಲಿ 28.0, ಎರಡಕ್ಕೂ ಅಂತರ 4 ಮಿಲಿಮೀಟರ್. ಅಷ್ಟರಿಂದನ ಭೂಮಿಯ ಸುತ್ತಳತಿ ಲೆಕ್ಕ ಹಾಕಾಕ ಬರತೈತಿ, ಹಿಂದಿನ ಕಾಲದ ಗ್ರೀಕ್ ವಿದ್ವಾಂಸ ಎರಾಟೊಸ್ತನೀಸ್ ಈಜಿಪ್ತಿನಾಗ ಮಾಡಿದ್ದು ಅದನ. ಆದ್ರ ಒಂದು ಮಿಲಿಮೀಟರ್ ಕಣ್ಣು ತಪ್ಪಿದ್ರ 6 ಕಿಲೋಮೀಟರ್ ತಪ್ಪು ಬರತೈತಿ. ಅದಕ್ಕ ಕೋಲು ದೊಡ್ಡದು ಮಾಡ್ರಿ, ಮೂರು ಮೀಟರ್. ತುದಿಗೆ ಸಣ್ಣ ತೂತಿನ ತಗಡು ಹಚ್ಚಿ ನೆರಳಿನ ಬದಲಿ ಬೆಳಕಿನ ಚುಕ್ಕಿ ಅಳೀರಿ. ಖಾನಾಪುರದ ಹೈಸ್ಕೂಲಿನ ಗಣಿತದ ಮಾಸ್ತರರಿಗೆ ಇವತ್ತ ಫೋನ್ ಮಾಡು. 12:30ಕ್ಕ ಎರಡೂ ಕಡೆ ಮಕ್ಕಳು ಕೋಲಿನ ಬುಡಕ್ಕ ಇರಬೇಕು, 12:50ರತನಕ ಎರಡು ನಿಮಿಷಕ್ಕೊಮ್ಮೆ ಗುರುತು ಹಾಕಬೇಕು. ಈ ಮಾತು ಕೇಳಿದ ಬ್ಯಾರೆ ಸಾಲಿಯವರೂ ಅವತ್ತ ತಮ್ಮೂರಾಗ ಒಂದು ಕೋಲು ನಿಲ್ಲಸಲಿ.